ಕರುಳಿನ ಸ್ನಾಯುವಿನ ಕೃಷಿಯಲ್ಲಿ ಯಾಂತ್ರಿಕ ಪ್ರಚೋದನೆಯ ಪಾತ್ರ: ಒಂದು ಐತಿಹಾಸಿಕ ಸಮೀಕ್ಷೆ

೧. ಪೀಠಿಕೆ

ಕಾರಹುಣ್ಣಿಮೆಯ ಕಾಲದಲ್ಲಿ ರಾಯಚೂರು ಸೀಮೆಯಲ್ಲಿ ಎತ್ತುಗಳಿಂದ ಭಾರವಾದ ಕಲ್ಲನ್ನು ಎಳೆಸುವ ಸ್ಪರ್ಧೆಗಳನ್ನೂ ತರುಣರು ಗುಂಡುಕಲ್ಲನ್ನು ಎತ್ತುವ ಪಂದ್ಯಗಳನ್ನೂ ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಎತ್ತು ದುಡಿದಂತೆ ಅದರ ಹೆಗಲು ಬಲಿಯುತ್ತದೆ, ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರೆ ಮೈ ಸಡಿಲುತ್ತದೆ ಎಂಬುದನ್ನು ಕೃಷ್ಣಾತೀರದ ದೇವಸುಗೂರಿನಿಂದ ಮಾನ್ವಿ, ದೇವದುರ್ಗಗಳವರೆಗೆ ಯಾವ ರೈತನಿಗೂ ಹೇಳಿಕೊಡಬೇಕಾದುದಿಲ್ಲ. ಕೈಕಾಲುಗಳ ಸ್ನಾಯುಗಳ ವಿಷಯದಲ್ಲಿ ಇದು ಸರ್ವವಿದಿತವಾದ ಸಂಗತಿ. ಆದರೆ ನಮ್ಮ ಇಚ್ಛೆಗೆ ಒಳಪಡದೆ ಹೊಟ್ಟೆಯೊಳಗೆ ಹಗಲಿರುಳು ದುಡಿಯುತ್ತಿರುವ ಕರುಳಿನ ಸ್ನಾಯುವಿಗೂ ಈ ನಿಯಮ ಅನ್ವಯಿಸುವುದೆ? ಅದಕ್ಕಿಂತಲೂ ಮುಂದೆ ಹೋಗಿ, ಇನ್ನೂ ರೂಪುಗೊಂಡೇ ಇಲ್ಲದ ಸ್ನಾಯುವಿಗೆ ದುಡಿಮೆಯು ರೂಪವನ್ನು ಕೊಡಬಲ್ಲುದೆ? ಈ ಎರಡು ಪ್ರಶ್ನೆಗಳಿಗೆ ದೊರೆತ ಉತ್ತರಗಳ ಚರಿತ್ರೆಯೇ ಪ್ರಕೃತ ಲೇಖನದ ವಸ್ತು.

ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಕರುಳಿನ ಮಾತೇಕೆ ಎಂದು ಕೆಲವರು ಆಕ್ಷೇಪಿಸಬಹುದು. ರಾಜವಂಶಗಳ ಏಳುಬೀಳುಗಳಿಗೆ ಚರಿತ್ರೆ ಇರುವಂತೆ ವಿಚಾರಗಳಿಗೂ ಚರಿತ್ರೆಯುಂಟು. ಒಂದು ವಿಚಾರವು ಎಲ್ಲಿ ಹುಟ್ಟಿತು, ಏಕೆ ಮರೆಯಾಯಿತು, ಯಾವ ಅಗತ್ಯದಿಂದ ಮತ್ತೆ ತಲೆಯೆತ್ತಿತು ಎಂಬುದನ್ನು ಶೋಧಿಸುವುದು ನಮ್ಮ ಶಾಸ್ತ್ರದ ಕಾರ್ಯವೇ ಆಗಿದೆ. ನಾವು ಇಲ್ಲಿ ವೈದ್ಯರ ಅಧಿಕಾರದಿಂದ ಮಾತನಾಡುತ್ತಿಲ್ಲ. ಪ್ರಕಟವಾದ ಪ್ರಯೋಗಗಳನ್ನು ಕಾಲಕ್ರಮದಲ್ಲಿ ಜೋಡಿಸಿ ಅವುಗಳ ಸಂಬಂಧವನ್ನು ತೋರಿಸುವುದಷ್ಟೇ ನಮ್ಮ ಉದ್ದೇಶ.

೨. ಕೊಳವೆಯೇ ಪಂಪು

ದೇವಸುಗೂರಿನ ಸಮೀಪದ ಶಕ್ತಿನಗರದಲ್ಲಿರುವ ಉಷ್ಣವಿದ್ಯುತ್ ಸ್ಥಾವರಕ್ಕೆ ಕೃಷ್ಣೆಯ ನೀರು ಕೊಳವೆಗಳ ಮೂಲಕ ಹೋಗುತ್ತದೆ. ಅಲ್ಲಿ ಕೊಳವೆ ಬೇರೆ, ನೀರನ್ನು ತಳ್ಳುವ ಪಂಪು ಬೇರೆ. ಮನುಷ್ಯನ ಸಣ್ಣಕರುಳು ಸುಮಾರು ೬ ಮೀಟರು ಉದ್ದದ ಕೊಳವೆ. ಆದರೆ ಅದನ್ನು ನಡೆಸಲು ಹೊರಗೆ ಪಂಪಿಲ್ಲ, ಕೊಳವೆಯ ಗೋಡೆಯೇ ಪಂಪಿನ ಕೆಲಸವನ್ನು ಮಾಡುತ್ತದೆ. ಆ ಗೋಡೆಯಲ್ಲಿ ಅನೈಚ್ಛಿಕ ಸ್ನಾಯುವಿನ ಎರಡು ಪದರಗಳಿವೆ. ಒಳಪದರದ ಜೀವಕೋಶಗಳು ಕೊಳವೆಯನ್ನು ಬಳೆಯಂತೆ ಸುತ್ತುವರಿದಿವೆ. ಹೊರಪದರದವು ಕೊಳವೆಯ ಉದ್ದಕ್ಕೆ ಮಲಗಿವೆ. ನಮ್ಮ ಸೀಮೆಯ ಹತ್ತಿಯ ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು ಒಂದಕ್ಕೊಂದು ಅಡ್ಡಲಾಗಿರುವಂತೆಯೇ ಈ ಎರಡು ಪದರಗಳ ಸ್ಥಿತಿ ಎನ್ನಬಹುದು. ಆದರೆ ಇಲ್ಲಿ ಎಳೆಗಳು ಹೆಣೆದುಕೊಂಡಿಲ್ಲ, ಒಂದರ ಮೇಲೊಂದು ಹಾಸಿಕೊಂಡಿವೆ. ಒಳಪದರ ಸಂಕುಚಿಸಿದರೆ ಕೊಳವೆ ಕಿರಿದಾಗುತ್ತದೆ. ಹೊರಪದರ ಸಂಕುಚಿಸಿದರೆ ಗಿಡ್ಡವಾಗುತ್ತದೆ. ಇವೆರಡರ ಹೊಂದಾಣಿಕೆಯಿಂದ ಪೆರಿಸ್ಟಾಲ್ಸಿಸ್ ಎಂದು ಕರೆಯಲ್ಪಡುವ ತರಂಗಚಲನೆ ಉಂಟಾಗಿ ಆಹಾರ ಮುಂದಕ್ಕೆ ಸಾಗುತ್ತದೆ.

ಈ ಚಲನೆಯು ಪ್ರಾಚೀನರ ಗಮನಕ್ಕೆ ಬಾರದೆ ಇರಲಿಲ್ಲ. ನಮ್ಮ ಆಯುರ್ವೇದವು ಕೆಳಮುಖವಾದ ವಿಸರ್ಜನೆಯನ್ನು ಅಪಾನವಾಯುವಿನ ಕಾರ್ಯವೆಂದು ಹೆಸರಿಸಿತು. ಆದರೆ ಅದನ್ನು ಇಂದಿನ ಜ್ಞಾನದ ಪೂರ್ವರೂಪವೆಂದು ಸಾಧಿಸಹೊರಡುವುದು ಇತಿಹಾಸಕಾರನಿಗೆ ಭೂಷಣವಲ್ಲ. ಪ್ರಯೋಗದ ಮಾರ್ಗದಲ್ಲಿ ಕರುಳಿನ ಚಲನೆಯನ್ನು ವಿವರಿಸಿದವರಲ್ಲಿ ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಪ್ರಮುಖರು. ಅವರು ೧೮೯೯ರಲ್ಲಿ ಪ್ರಕಟಿಸಿದ ನಿಯಮದ ಸಾರವಿಷ್ಟು: ಕರುಳಿನ ಯಾವುದಾದರೊಂದು ಬಿಂದುವನ್ನು ಪ್ರಚೋದಿಸಿದರೆ ಅದರ ಮೇಲುಭಾಗ ಸಂಕುಚಿಸುತ್ತದೆ, ಕೆಳಭಾಗ ಸಡಿಲುತ್ತದೆ. ೧೯೧೭ರಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಎಂಬ ವಿದ್ವಾಂಸನು ಗಿನಿಯಿಲಿಯ ಕರುಳಿನ ತುಂಡನ್ನು ದೇಹದಿಂದ ಬೇರ್ಪಡಿಸಿ, ಒಳಗಿನ ದ್ರವದ ಒತ್ತಡವನ್ನು ಮೆಲ್ಲಗೆ ಏರಿಸಿದಾಗ ಅದು ತಾನೇ ತರಂಗಚಲನೆಯನ್ನು ಆರಂಭಿಸುವುದನ್ನು ತೋರಿಸಿದನು. ಹಿಗ್ಗುವಿಕೆಯೇ ಕರುಳಿಗೆ ಕೆಲಸದ ಕರೆ ಎಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಆ ಕರೆಯು ಸ್ನಾಯುವನ್ನು ದುಡಿಸುವುದಷ್ಟೇ ಅಲ್ಲದೆ ನಿರ್ಮಿಸುವುದೂ ಉಂಟೆಂಬ ಸಂಗತಿ ತಿಳಿಯಲು ಮತ್ತೂ ಬಹುಕಾಲ ಹಿಡಿಯಿತು.

೩. ಮರೆತುಹೋದ ಒಂದು ವಿಚಾರ

ಬಲವು ದೇಹಕ್ಕೆ ರೂಪವನ್ನು ಕೊಡುತ್ತದೆ ಎಂಬ ಅಭಿಪ್ರಾಯ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹುಟ್ಟಿತ್ತು. ೧೮೭೪ರಲ್ಲಿ ವಿಲ್ಹೆಲ್ಮ್ ಹಿಸ್ ಎಂಬ ಅಂಗರಚನಾ ಶಾಸ್ತ್ರಜ್ಞನು ಭ್ರೂಣದಲ್ಲಿ ಕಾಣುವ ಮಡಿಕೆಗಳು ಭಾಗಗಳ ಅಸಮಾನ ಬೆಳವಣಿಗೆಯಿಂದಲೂ ಅದರಿಂದುಂಟಾಗುವ ಎಳೆತ ಒತ್ತಡಗಳಿಂದಲೂ ಆಗುವುವೆಂದು ವಾದಿಸಿದನು. ವಂಶಪರಂಪರೆಯ ಇತಿಹಾಸವೇ ಸರ್ವಕಾರಣವೆಂದು ನಂಬಿದ್ದ ಹೆಕೆಲ್ ಅವನನ್ನು ಹಂಗಿಸಿದನು. ೧೮೯೨ರಲ್ಲಿ ಯೂಲಿಯುಸ್ ವೋಲ್ಫ್ ಎಂಬ ಶಸ್ತ್ರವೈದ್ಯನು ಮೂಳೆಯು ತಾನು ಹೊರುವ ಭಾರಕ್ಕೆ ಅನುಗುಣವಾಗಿ ತನ್ನ ಒಳರಚನೆಯನ್ನು ಮಾರ್ಪಡಿಸಿಕೊಳ್ಳುತ್ತದೆಂದು ಪ್ರತಿಪಾದಿಸಿದನು. ೧೯೧೭ರಲ್ಲಿ ಡಾರ್ಸಿ ಥಾಮ್ಸನ್ ಬೆಳವಣಿಗೆ ಮತ್ತು ಆಕಾರಗಳ ಸಂಬಂಧವನ್ನು ಕುರಿತು ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು.

ಇಪ್ಪತ್ತನೆಯ ಶತಮಾನದಲ್ಲಿ ವಂಶವಾಹಿಗಳ ಅಧ್ಯಯನವು ಪ್ರಬಲವಾಗುತ್ತ ಬಂದಂತೆ ಈ ವಿಚಾರಧಾರೆ ಹಿನ್ನೆಲೆಗೆ ಸರಿಯಿತು. ಜೀವಕೋಶದ ಭವಿಷ್ಯವೆಲ್ಲ ಅದರ ವಂಶವಾಹಿಯಲ್ಲಿಯೂ ಅದಕ್ಕೆ ಒದಗುವ ರಸಾಯನಗಳಲ್ಲಿಯೂ ಅಡಗಿದೆ ಎಂಬ ಭಾವನೆ ಬಲವಾಯಿತು. ಅದು ಸುಳ್ಳಾಗಿರಲಿಲ್ಲ, ಅಪೂರ್ಣವಾಗಿತ್ತು. ಬಲದ ವಿಚಾರವನ್ನು ಮತ್ತೆ ಮುಂದಕ್ಕೆ ತಂದ ಕಾರಣಗಳಲ್ಲಿ ಒಂದು ಆಸ್ಪತ್ರೆಯಿಂದಲೇ ಬಂದಿತು.

೪. ಅಗತ್ಯವು ಎಲ್ಲಿಂದ ಬಂದಿತು?

ಅವಧಿಗೆ ಮೊದಲೇ ಜನಿಸಿದ ಕೆಲವು ಶಿಶುಗಳಲ್ಲಿ ಕರುಳಿನ ಭಾಗ ಕೊಳೆತುಹೋಗುತ್ತದೆ. ಕೆಲವರಲ್ಲಿ ಕರುಳು ತಿರುಚಿಕೊಂಡು ರಕ್ತಸಂಚಾರ ನಿಂತುಹೋಗುತ್ತದೆ. ಇಂಥ ಸಂದರ್ಭಗಳಲ್ಲಿ ಶಸ್ತ್ರವೈದ್ಯರು ಸತ್ತ ಭಾಗವನ್ನು ಕತ್ತರಿಸಿ ತೆಗೆಯಲೇಬೇಕು. ಉಳಿದ ಕರುಳು ತೀರ ಗಿಡ್ಡವಾದರೆ ಮಗು ಉಂಡರೂ ಅನ್ನ ಮೈಗೆ ಹತ್ತುವುದಿಲ್ಲ. ೧೯೬೮ರಲ್ಲಿ ಅಮೆರಿಕದ ಡಡ್ರಿಕ್ ಮತ್ತು ಅವರ ಸಹೋದ್ಯೋಗಿಗಳು ಪೋಷಕದ್ರವವನ್ನು ನೇರವಾಗಿ ರಕ್ತನಾಳಕ್ಕೆ ಹರಿಸಿಯೇ ಶಿಶುವನ್ನು ಬೆಳೆಸಬಹುದೆಂದು ತೋರಿಸಿದರು. ಅದಕ್ಕೆ ಮೊದಲು ಇಂಥ ಮಕ್ಕಳಲ್ಲಿ ಬಹುಪಾಲಿಗೆ ಬದುಕುವ ದಾರಿಯೇ ಇರಲಿಲ್ಲ. ಆದರೆ ವರ್ಷಗಟ್ಟಲೆ ಹೀಗೆ ಪೋಷಿಸಿದರೆ ಯಕೃತ್ತು ಕೆಡುವ ಮತ್ತು ರಕ್ತಕ್ಕೆ ಸೋಂಕು ತಗಲುವ ಭಯವಿದೆ. ಅನ್ಯರ ಕರುಳನ್ನು ಕಸಿಮಾಡಬಹುದು. ದೇಹವು ಅದನ್ನು ತಿರಸ್ಕರಿಸದಂತೆ ಬಾಳಿನುದ್ದಕ್ಕೂ ಔಷಧ ಸೇವಿಸಬೇಕಾಗುತ್ತದೆ.

ರೋಗಿಯ ಸ್ವಂತ ಜೀವಕೋಶಗಳಿಂದಲೇ ಹೊಸ ಕರುಳನ್ನು ಬೆಳೆಸಿಕೊಡಬಹುದಲ್ಲವೆ ಎಂಬ ಆಸೆ ಹುಟ್ಟಿದುದು ಇಲ್ಲಿ. ೧೯೯೩ರಲ್ಲಿ ಲ್ಯಾಂಗರ್ ಮತ್ತು ವಕಾಂಟಿ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಈ ಹೊಸ ವಿದ್ಯೆಯ ತತ್ತ್ವಗಳನ್ನು ಒಂದು ಪ್ರಸಿದ್ಧ ಲೇಖನದಲ್ಲಿ ನಿರೂಪಿಸಿದರು. ಹೀರೆಯ ಬಳ್ಳಿಗೆ ಹಂದರ ಹಾಕುವಂತೆ, ಕಾಲಕ್ರಮದಲ್ಲಿ ಕರಗಿಹೋಗುವ ವಸ್ತುವಿನಿಂದ ಹಂದರವನ್ನು ರಚಿಸಿ ಅದರ ಮೇಲೆ ಜೀವಕೋಶಗಳನ್ನು ಬಿತ್ತಿ ಬೆಳೆಸುವುದೇ ಅದರ ಮೂಲಕ್ರಮ.

ಆದರೆ ಒಂದು ವಿಘ್ನ ಎದುರಾಯಿತು. ಕರುಳಿನ ಒಳಲೋಳೆಯನ್ನು ಮಾತ್ರ ಬೆಳೆಸಿದರೆ ಸಾಲದು. ಸ್ನಾಯುವಿಲ್ಲದ ಕರುಳು ಆಹಾರವನ್ನು ಸಾಗಿಸದು, ಅದು ಬರಿಯ ಚೀಲ. ಸ್ನಾಯುವಿನ ಕೋಶಗಳನ್ನು ದೇಹದಿಂದ ತೆಗೆದು ಗಾಜಿನ ಪಾತ್ರೆಯಲ್ಲಿ ಸಾಕಿದಾಗಲಾದರೋ ಅವು ತಮ್ಮ ಕಸುಬನ್ನೇ ಮರೆಯತೊಡಗುತ್ತವೆ. ಸಂಕುಚಿಸಲು ಬೇಕಾದ ಪ್ರೋಟೀನುಗಳು ಕಡಮೆಯಾಗುತ್ತವೆ. ಕೋಶಗಳು ಸಂಖ್ಯೆಯಲ್ಲಿ ವೃದ್ಧಿಯಾಗುತ್ತ, ಗೊತ್ತುಗುರಿಯಿಲ್ಲದೆ ದಿಕ್ಕುದಿಕ್ಕಿಗೆ ಹರಡಿಕೊಳ್ಳುತ್ತವೆ. ಪೋಷಕದ್ರವ, ಉಷ್ಣತೆ, ಆಮ್ಲಜನಕ ಎಲ್ಲವೂ ಯಥಾಸ್ಥಿತವಾಗಿದ್ದರೂ ಹೀಗಾಗುತ್ತದೆ. ದೇಹದಲ್ಲಿ ಅವುಗಳಿಗೆ ದೊರೆಯುತ್ತಿದ್ದು ಪಾತ್ರೆಯಲ್ಲಿ ಇಲ್ಲವಾದ ಒಂದು ಮುಖ್ಯ ವಸ್ತುವೆಂದರೆ ದುಡಿಮೆ.

೫. ಎಳೆದು ನೋಡಿದ ಪ್ರಯೋಗಗಳು

ಇದರ ಸೂಚನೆ ಮೊದಲು ದೊರೆತದ್ದು ಕರುಳಿನಿಂದಲ್ಲ, ರಕ್ತನಾಳದಿಂದ. ಅಪಧಮನಿಯ ಗೋಡೆಯಲ್ಲಿರುವುದೂ ಅನೈಚ್ಛಿಕ ಸ್ನಾಯುವೇ ಆದುದರಿಂದ ಆ ಪ್ರಯೋಗಗಳು ಇಲ್ಲಿ ಪ್ರಸಕ್ತವಾಗಿವೆ. ೧೯೭೬ರಲ್ಲಿ ಲ್ಯೂಂಗ್, ಗ್ಲಾಗೋವ್, ಮ್ಯಾಥ್ಯೂಸ್ ಎಂಬ ಮೂವರು ಸ್ಥಿತಿಸ್ಥಾಪಕವಾದ ಪೊರೆಯ ಮೇಲೆ ಅಪಧಮನಿಯ ಸ್ನಾಯುಕೋಶಗಳನ್ನು ಬೆಳೆಸಿ, ಆ ಪೊರೆಯನ್ನು ಮತ್ತೆ ಮತ್ತೆ ಎಳೆದು ಬಿಟ್ಟರು. ಸುಮ್ಮನಿರಿಸಿದ ಕೋಶಗಳಿಗೆ ಹೋಲಿಸಿದರೆ ಎಳೆತಕ್ಕೊಳಗಾದ ಕೋಶಗಳು ಕೊಲಾಜೆನ್ ಮೊದಲಾದ ಪದಾರ್ಥಗಳನ್ನು ೨ರಿಂದ ೪ ಪಟ್ಟು ವೇಗವಾಗಿ ತಯಾರಿಸಿದುವು. ಕೋಶಗಳ ವೃದ್ಧಿಗೆ ಬೇಕಾದ ಡಿಎನ್‌ಎ ಉತ್ಪತ್ತಿಯಾದರೋ ಹೆಚ್ಚಲಿಲ್ಲ. ಎಂದರೆ, ಎಳೆತವು ಕೋಶಗಳನ್ನು ಸುಮ್ಮನೆ ಕೆರಳಿಸಲಿಲ್ಲ. ಗೋಡೆ ಕಟ್ಟುವ ಕೆಲಸಕ್ಕೆ ಹಚ್ಚಿತು.

೧೯೯೯ನೆಯ ವರ್ಷ ಈ ಚರಿತ್ರೆಯಲ್ಲಿ ಸ್ಮರಣೀಯವಾದುದು. ಆ ವರ್ಷ ಕಿಮ್, ಮೂನಿ ಮತ್ತು ಅವರ ಸಂಗಡಿಗರು ಹಂದರದ ಮೇಲೆ ಬೆಳೆಯುತ್ತಿದ್ದ ಅನೈಚ್ಛಿಕ ಸ್ನಾಯುವನ್ನು ದೀರ್ಘಕಾಲ ಆವರ್ತಕ ಎಳೆತಕ್ಕೆ ಒಳಪಡಿಸಿದಾಗ ಅದರಲ್ಲಿ ಕೊಲಾಜೆನ್ ಮತ್ತು ಇಲಾಸ್ಟಿನ್ ಹೆಚ್ಚಿ, ಅಂಗಾಂಶದ ಗಟ್ಟಿತನವೂ ಹೆಚ್ಚಿತೆಂದು ವರದಿಮಾಡಿದರು. ಅದೇ ವರ್ಷ ಲಾರಾ ನಿಕ್ಲಸನ್ ಮತ್ತು ಅವರ ಸಹೋದ್ಯೋಗಿಗಳು ಕೊಳವೆಯಾಕಾರದ ಹಂದರದೊಳಗೆ ಭ್ರೂಣದ ಹೃದಯಬಡಿತವನ್ನು ಹೋಲುವಂತೆ ನಿಮಿಷಕ್ಕೆ ೧೬೫ ಸಲ ದ್ರವವನ್ನು ಮಿಡಿಸಿ, ಸುಮಾರು ೮ ವಾರಗಳಲ್ಲಿ ಅಪಧಮನಿಯನ್ನು ಬೆಳೆಸಿದರು. ಮಿಡಿತವಿಲ್ಲದೆ ಬೆಳೆಸಿದ ನಾಳಗಳು ಇವುಗಳಿಗೆ ಸರಿಸಾಟಿಯಾಗಲಿಲ್ಲ.

ಕರುಳಿನ ವಿಷಯದಲ್ಲಿ ಖಲೀಲ್ ಬಿಟಾರ್ ಅವರ ಶೋಧನೆಗಳು ಗಮನಾರ್ಹ. ಗುದದ್ವಾರವನ್ನು ಮುಚ್ಚಿ ಹಿಡಿಯುವ ಉಂಗುರಾಕಾರದ ಅನೈಚ್ಛಿಕ ಸ್ನಾಯುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವುದು ಅವರ ಗುರಿ. ಪಾತ್ರೆಯ ನಡುವೆ ಒಂದು ಗೂಟವನ್ನು ನಿಲ್ಲಿಸಿ ಅದರ ಸುತ್ತ ಕೋಶಗಳನ್ನು ಬಿತ್ತಿದರೆ, ಕೋಶಗಳು ಒಳಮುಖವಾಗಿ ಸೆಳೆಯುತ್ತ ಗೂಟವನ್ನು ಬಿಗಿಯಾಗಿ ಸುತ್ತಿಕೊಂಡು ಉಂಗುರವಾಗುತ್ತವೆ. ಗೂಟವು ಎದುರು ನಿಲ್ಲುವುದರಿಂದ ಹುಟ್ಟುವ ಬಿಗುವೇ ಅವುಗಳಿಗೆ ದಿಕ್ಕನ್ನು ತೋರಿಸುತ್ತದೆ. ಇಂಥ ಉಂಗುರವನ್ನು ನರಕೋಶಗಳೊಡನೆ ಬೆಳೆಸಿ ಇಲಿಗಳಲ್ಲಿ ನೆಟ್ಟ ವರದಿ ೨೦೧೧ರಲ್ಲಿ ಪ್ರಕಟವಾಯಿತು. ಕೆಲಸವಿರುವಲ್ಲಿ ಎದುರಾಳಿ ಬೇಕು, ಗುಂಡುಕಲ್ಲಿಲ್ಲದೆ ಗರಡಿಯಿಲ್ಲ.

೬. ಭ್ರೂಣವು ಕಲಿಸಿದ ಪಾಠ

ಎಷ್ಟು ಎಳೆಯಬೇಕು, ಯಾವ ದಿಕ್ಕಿಗೆ ಎಳೆಯಬೇಕು, ಯಾವಾಗ ಎಳೆಯಬೇಕು ಎಂಬ ಪ್ರಶ್ನೆಗಳು ಇನ್ನೂ ಉಳಿದಿದ್ದುವು. ಇವುಗಳಿಗೆ ಉತ್ತರವನ್ನು ಹುಡುಕಲು ವಿದ್ವಾಂಸರು ಮತ್ತೆ ಭ್ರೂಣದ ಕಡೆಗೆ, ಎಂದರೆ ಹಿಸ್ ಬಿಟ್ಟುಹೋದ ಸ್ಥಳಕ್ಕೇ ಮರಳಿದರು.

೨೦೧೧ರಲ್ಲಿ ಹಾರ್ವರ್ಡಿನ ಟಾಬಿನ್, ಮಹಾದೇವನ್ ಮತ್ತು ಸಂಗಡಿಗರು ಕರುಳು ಏಕೆ ಸುರುಳಿ ಸುತ್ತುತ್ತದೆ ಎಂಬುದನ್ನು ವಿವರಿಸಿದರು. ಕರುಳನ್ನು ಬೆನ್ನಿನ ಕಡೆಯ ಗೋಡೆಗೆ ಹಿಡಿದಿರುವ ತೆಳುಪೊರೆಗಿಂತ ಕರುಳು ವೇಗವಾಗಿ ಬೆಳೆಯುತ್ತದೆ. ಪೊರೆ ಹಿಂದಕ್ಕೆಳೆಯುವುದರಿಂದ ಕೊಳವೆ ಸುರುಳಿಯಾಗುತ್ತದೆ. ರಬ್ಬರಿನ ಕೊಳವೆಯನ್ನು ಎಳೆದು ಹಿಡಿದ ರಬ್ಬರಿನ ಹಾಳೆಗೆ ಹೊಲಿದು ಬಿಟ್ಟಾಗ ಅದೂ ಹಾಗೆಯೇ ಸುರುಳಿಯಾಯಿತು. ೨೦೧೩ರಲ್ಲಿ ಶೈಯರ್ ಮೊದಲಾದವರು ಕೋಳಿಯ ಭ್ರೂಣದಲ್ಲಿ ಕರುಳಿನ ಒಳಮೈಯ ಮಡಿಕೆಗಳು ಹುಟ್ಟುವ ಕ್ರಮವನ್ನು ತೋರಿಸಿದರು. ಸ್ನಾಯುಪದರ ಹೊರಗಿನಿಂದ ಅದುಮಿ ಹಿಡಿಯುವುದರಿಂದ, ಒಳಗೆ ಬೆಳೆಯುತ್ತಿರುವ ಲೋಳೆ ಹಿಗ್ಗಲು ಸ್ಥಳವಿಲ್ಲದೆ ಮಡಿಕೆ ಬೀಳುತ್ತದೆ. ಸ್ನಾಯುವನ್ನು ಬೇರ್ಪಡಿಸಿದರೆ ಮಡಿಕೆಗಳಾಗುವುದಿಲ್ಲ. ಸ್ನಾಯುವಿನ ಬದಲು ರೇಷ್ಮೆಯಿಂದ ಮಾಡಿದ ಬಿಗಿಯಾದ ಕೊಳವೆಯೊಳಗಿಟ್ಟರೆ ಮಡಿಕೆಗಳು ಮತ್ತೆ ಮೂಡುತ್ತವೆ. ರೇಷ್ಮೆಯ ನಾಡಿನವರಾದ ನಮಗೆ ಈ ಪ್ರಯೋಗ ವಿಶೇಷ ಕುತೂಹಲವನ್ನು ಉಂಟುಮಾಡುತ್ತದೆ. ಜೀವವಿಲ್ಲದ ನೂಲಿನ ಕೊಳವೆ ಜೀವಂತ ಸ್ನಾಯುವಿನ ಕೆಲಸವನ್ನು ಅಷ್ಟರಮಟ್ಟಿಗೆ ಮಾಡಿತೆಂದರೆ, ಅಲ್ಲಿ ಬೇಕಾಗಿದ್ದುದು ಬಲವೇ ಎಂಬುದು ನಿಸ್ಸಂದೇಹ.

೨೦೧೯ರಲ್ಲಿ ಹೈಕ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಸಂಶೋಧನೆ ನಮ್ಮ ವಿಷಯದ ಮರ್ಮವನ್ನೇ ಮುಟ್ಟಿತು. ಕರುಳಿನ ಎರಡು ಸ್ನಾಯುಪದರಗಳು ಏಕಕಾಲದಲ್ಲಿ ಹುಟ್ಟುವುದಿಲ್ಲ. ಮೊದಲು ಹುಟ್ಟುವುದು ಬಳೆಯಾಕಾರದ ಒಳಪದರ. ಅದು ಎಲ್ಲಿ ಹುಟ್ಟಬೇಕೆಂಬುದನ್ನು ರಾಸಾಯನಿಕ ಸಂದೇಶಗಳು ಗೊತ್ತುಮಾಡುತ್ತವೆ. ಅದರ ಕೋಶಗಳು ಯಾವ ದಿಕ್ಕಿಗೆ ಮಲಗಬೇಕೆಂಬುದನ್ನು ಕೊಳವೆಯ ಭಾಗಗಳು ಅಸಮಾನವಾಗಿ ಬೆಳೆಯುವುದರಿಂದಾಗುವ ನಿಶ್ಚಲವಾದ ಎಳೆತ ನಿರ್ಧರಿಸುತ್ತದೆ. ಹೀಗೆ ರೂಪುಗೊಂಡ ಒಳಪದರ ತಾನಾಗಿಯೇ ಮಿಡಿಯಲಾರಂಭಿಸುತ್ತದೆ. ಆ ಮಿಡಿತದಿಂದ ಹೊರಗಣ ಎಳೆಯ ಕೋಶಗಳು ಸುತ್ತಳತೆಯ ದಿಕ್ಕಿನಲ್ಲಿ ಮತ್ತೆ ಮತ್ತೆ ಎಳೆಯಲ್ಪಡುತ್ತವೆ. ಆವರ್ತಕ ಎಳೆತಕ್ಕೊಳಗಾದ ಕೋಶಗಳು ಆ ಎಳೆತಕ್ಕೆ ಅಡ್ಡಲಾಗಿ ತಿರುಗಿಕೊಳ್ಳುವುದು ಅನೇಕ ಪ್ರಯೋಗಗಳಲ್ಲಿ ಕಂಡ ಸಂಗತಿ. ಆದಕಾರಣ ಎರಡನೆಯ ಪದರದ ಕೋಶಗಳು ಕೊಳವೆಯ ಉದ್ದಕ್ಕೆ ಮಲಗುತ್ತವೆ. ಮೊದಲ ಪದರದ ದುಡಿಮೆಯೇ ಎರಡನೆಯ ಪದರಕ್ಕೆ ಶಿಕ್ಷಣ. ಎರಡೂ ಪದರಗಳಿಗೆ ದಿಕ್ಕನ್ನು ಕಲಿಸಿದ್ದು ಬಲವೇ. ಆದರೆ ಒಂದಕ್ಕೆ ನಿಂತ ಎಳೆತ, ಇನ್ನೊಂದಕ್ಕೆ ಮಿಡಿಯುವ ಎಳೆತ.

ಕೋಶವು ಎಳೆತವನ್ನು ಹೇಗೆ ಅರಿಯುತ್ತದೆ ಎಂಬ ಪ್ರಶ್ನೆಗೂ ಭಾಗಶಃ ಉತ್ತರ ದೊರೆತಿದೆ. ೨೦೧೦ರಲ್ಲಿ ಆರ್ಡೆಮ್ ಪಟಪೂಟಿಯನ್ ಮತ್ತು ಸಂಗಡಿಗರು ಕೋಶದ ಪೊರೆಯಲ್ಲಿ ಪೀಜೋ ಎಂಬ ಸೂಕ್ಷ್ಮದ್ವಾರಗಳನ್ನು ಕಂಡುಹಿಡಿದರು. ಪೊರೆ ಬಿಗಿಯಾದಾಗ ಈ ದ್ವಾರ ತೆರೆದು ಕ್ಯಾಲ್ಸಿಯಂ ಮೊದಲಾದವುಗಳ ಅಯಾನುಗಳು ಒಳಕ್ಕೆ ನುಗ್ಗುತ್ತವೆ. ಬಲವು ರಸಾಯನದ ಭಾಷೆಗೆ ಅನುವಾದವಾಗುವ ಸ್ಥಳಗಳಲ್ಲಿ ಇದೊಂದು. ಈ ಶೋಧನೆಗಾಗಿ ಅವರು ೨೦೨೧ರ ನೊಬೆಲ್ ಪಾರಿತೋಷಕವನ್ನು ಡೇವಿಡ್ ಜೂಲಿಯಸ್ ಅವರೊಡನೆ ಹಂಚಿಕೊಂಡರು.

೭. ಪ್ರಯೋಗಶಾಲೆಯ ಕರುಳು

೨೦೦೯ರಲ್ಲಿ ನೆದರ್ಲೆಂಡ್ಸಿನ ಕ್ಲೆವರ್ಸ್ ಅವರ ಪ್ರಯೋಗಶಾಲೆಯಲ್ಲಿ ಇಲಿಯ ಕರುಳಿನ ಕಾಂಡಕೋಶಗಳಿಂದ ಆರ್ಗನಾಯ್ಡ್ ಎಂಬ ಕಿರುಕರುಳುಗಳನ್ನು ಬೆಳೆಸಲಾಯಿತು. ಅವುಗಳಲ್ಲಿ ಲೋಳೆಯ ಪದರ ಮಾತ್ರವಿದ್ದಿತು. ೨೦೧೧ರಲ್ಲಿ ಅಮೆರಿಕದ ಸಿನ್ಸಿನಾಟಿಯ ವಿಜ್ಞಾನಿಗಳು ಮಾನವ ಕಾಂಡಕೋಶಗಳಿಂದ ಬೆಳೆಸಿದ ಕಿರುಕರುಳಿನಲ್ಲಿ ಸ್ನಾಯುವಿನಂಥ ಕೋಶಗಳೂ ಕಾಣಿಸಿಕೊಂಡವು. ೨೦೧೭ರಲ್ಲಿ ಅವರೇ ನರಕೋಶಗಳ ಮೂಲಕೋಶಗಳನ್ನೂ ಸೇರಿಸಿ ಬೆಳೆಸಿದಾಗ ಆ ಅಂಗಾಂಶ ಅಲೆಯಲೆಯಾಗಿ ಸಂಕುಚಿಸಿತು. ಆದರೂ ಅವು ಭ್ರೂಣದ ಕರುಳಿನಂತೆ ಅಪಕ್ವವಾಗಿಯೇ ಉಳಿದುವು.

ಆಗ ಅದೇ ಊರಿನ ಹೆಲ್ಮ್‌ರಾತ್ ಮತ್ತು ಸಂಗಡಿಗರು ಒಂದು ಸರಳೋಪಾಯವನ್ನು ಹೂಡಿದರು. ಇಲಿಯ ದೇಹದಲ್ಲಿ ನೆಟ್ಟ ಮಾನವ ಕಿರುಕರುಳಿನೊಳಗೆ ಅದುಮಿಟ್ಟ ಸಣ್ಣ ಲೋಹದ ಸ್ಪ್ರಿಂಗನ್ನು ಸೇರಿಸಿದರು. ಸ್ಪ್ರಿಂಗು ಬಿಚ್ಚಿಕೊಳ್ಳುತ್ತ ಅಂಗಾಂಶವನ್ನು ಒಳಗಿನಿಂದ ಎಳೆಯಿತು. ೨೦೧೮ರಲ್ಲಿ ಪ್ರಕಟವಾದ ಅವರ ವರದಿಯಂತೆ, ಸ್ಪ್ರಿಂಗ್ ಇದ್ದ ಕರುಳುಗಳು ಗಾತ್ರದಲ್ಲಿ ಹೆಚ್ಚಿದುವು, ಒಳಮೈಯ ಬೆರಳಿನಾಕಾರದ ಚಾಚುಗಳು ಎತ್ತರವಾದುವು, ಸ್ನಾಯುವಿನ ಬಿಗುವು ಉತ್ತಮಗೊಂಡಿತು. ಎಳೆದರೆ ಬೆಳೆಯುತ್ತದೆ ಎಂಬ ತತ್ತ್ವ ಶಸ್ತ್ರವೈದ್ಯರಿಗೆ ಹೊಸದಲ್ಲ. ೧೯೫೦ರ ದಶಕದಲ್ಲಿಯೇ ರಷ್ಯದ ಇಲಿಜಾರೋವ್ ತುಂಡರಿಸಿದ ಮೂಳೆಯ ತುದಿಗಳನ್ನು ದಿನಕ್ಕೆ ಸುಮಾರು ೧ ಮಿಲಿಮೀಟರಿನಂತೆ ದೂರ ಸರಿಸುತ್ತ ನಡುವೆ ಹೊಸ ಮೂಳೆಯನ್ನು ಬೆಳೆಸಿದ್ದನು. ದೇಹದಲ್ಲಿರುವ ಗಿಡ್ಡ ಕರುಳನ್ನೇ ಸ್ಪ್ರಿಂಗಿನಿಂದ ಉದ್ದಗೊಳಿಸುವ ಪ್ರಯತ್ನಗಳು ಪ್ರಾಣಿಗಳಲ್ಲಿ ನಡೆದಿವೆ.

೨೦೧೨ರಲ್ಲಿ ಇಂಗ್ಬರ್ ಮತ್ತು ಸಂಗಡಿಗರು ರಚಿಸಿದ ಚಿಪ್ಪಿನ ಮೇಲಣ ಕರುಳೂ ಇಲ್ಲಿ ಉಲ್ಲೇಖಾರ್ಹ. ಅದರಲ್ಲಿ ಕೋಶಗಳ ಪೊರೆಯನ್ನು ನಿಮಿಷಕ್ಕೆ ೯ ಸಲ, ಶೇಕಡಾ ೧೦ರಷ್ಟು ಎಳೆದು ಬಿಡುತ್ತ, ಮೇಲೆ ದ್ರವವನ್ನು ಮೆಲ್ಲಗೆ ಹರಿಸಿದಾಗ ಚಪ್ಪಟೆಯಾಗಿದ್ದ ಲೋಳೆ ತಾನಾಗಿಯೇ ಮಡಿಕೆಗಳನ್ನು ತಳೆಯಿತು. ಆದರೆ ಅಲ್ಲಿ ಸ್ನಾಯುವಿರಲಿಲ್ಲ. ಅದರ ಕೆಲಸವನ್ನು ಯಂತ್ರ ಮಾಡಿತು ಎಂಬುದನ್ನು ಮರೆಯಬಾರದು.

೮. ಮಿತಿಗಳು ಮತ್ತು ಒಂದು ಎಚ್ಚರಿಕೆ

ಎಳೆತ ಹೆಚ್ಚಾದಷ್ಟೂ ಒಳ್ಳೆಯದೆಂದು ಭಾವಿಸಲಾಗದು. ಕರುಳಿನಲ್ಲಿ ಅಡ್ಡಿಯುಂಟಾದಾಗ ಅದರ ಮೇಲಣ ಭಾಗ ಅತಿಯಾಗಿ ಹಿಗ್ಗುತ್ತದೆ. ಸ್ನಾಯು ಮೊದಲು ದಪ್ಪವಾಗಿ ಕಡೆಗೆ ಸೋಲುತ್ತದೆ. ಹೊರೆ ಮಿತಿಮೀರಿದರೆ ಎತ್ತೂ ಕುಸಿಯುತ್ತದೆ. ಇದಲ್ಲದೆ ದಪ್ಪವಾದ ಅಂಗಾಂಶದ ಒಳಭಾಗಕ್ಕೆ ರಕ್ತನಾಳಗಳನ್ನು ಒದಗಿಸುವುದು, ನರಜಾಲವನ್ನು ಸರಿಯಾಗಿ ಹೆಣೆಯುವುದು, ಮಿಲಿಮೀಟರುಗಳ ಅಳತೆಯಿಂದ ಮನುಷ್ಯನಿಗೆ ಉಪಯೋಗವಾಗುವ ಉದ್ದಕ್ಕೆ ಬೆಳೆಸುವುದು, ಇವೆಲ್ಲ ಕಠಿನವಾದ ಸಮಸ್ಯೆಗಳಾಗಿಯೇ ಉಳಿದಿವೆ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಕರುಳು ವೈದ್ಯರ ನಿತ್ಯದ ಚಿಕಿತ್ಸೆಯಾಗಿಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಕಾಂಡಕೋಶದ ಹೆಸರು ಹೇಳಿ ಸಕಲ ರೋಗಗಳನ್ನೂ ಗುಣಪಡಿಸುವುದಾಗಿ ಪ್ರಚಾರಮಾಡುವವರು ನಮ್ಮ ದೇಶದಲ್ಲಿ ಇಲ್ಲದಿಲ್ಲ. ಮಗುವಿನ ಪ್ರಾಣಕ್ಕಾಗಿ ಹೊಲವನ್ನು ಮಾರಲು ಸಿದ್ಧರಾದ ತಂದೆತಾಯಿಗಳಿಗೆ ಇಂಥ ಮಾತು ಸುಲಭವಾಗಿ ನಾಟುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ೨೦೧೭ರಲ್ಲಿ ಪ್ರಕಟಿಸಿದ ಮಾರ್ಗದರ್ಶಿ ಸೂತ್ರಗಳು, ರಕ್ತಸಂಬಂಧವಾದ ಕೆಲವು ಗೊತ್ತಾದ ರೋಗಗಳಲ್ಲಿ ನಡೆಸುವ ಕಾಂಡಕೋಶದ ಕಸಿಯನ್ನುಳಿದು, ಬೇರೆಲ್ಲ ಕಾಂಡಕೋಶ ಪ್ರಯೋಗಗಳನ್ನು ಅನುಮತಿ ಪಡೆದ ಪರೀಕ್ಷೆಗಳಾಗಿ ಮಾತ್ರ ನಡೆಸಬೇಕೆಂದು ವಿಧಿಸಿದುವು. ಕಾಲೇಜಿನಲ್ಲಿ ಕಲಿತವರು ಈ ವ್ಯತ್ಯಾಸವನ್ನು ತಮ್ಮ ಊರಿನವರಿಗೆ ತಿಳಿಸಿದರೆ ಅದು ಸಣ್ಣ ಸೇವೆಯಲ್ಲ.

ಕರ್ನಾಟಕದಲ್ಲಿಯೂ ಈ ಕ್ಷೇತ್ರಕ್ಕೆ ಸಮೀಪದ ಅಧ್ಯಯನಗಳು ನಡೆದಿವೆ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವಕೋಶಗಳನ್ನು ಆವರ್ತಕವಾಗಿ ಎಳೆದು ಅವುಗಳ ಪ್ರತಿಕ್ರಿಯೆಯನ್ನು ಎಂಜಿನಿಯರುಗಳೇ ಅಳೆದಿದ್ದಾರೆ. ಕಾಂಡಕೋಶಗಳ ಅಧ್ಯಯನಕ್ಕಾಗಿಯೇ ೨೦೦೯ರಲ್ಲಿ ಅದೇ ನಗರದಲ್ಲಿ ಇನ್‌ಸ್ಟೆಮ್ ಎಂಬ ಸಂಸ್ಥೆ ಆರಂಭವಾಯಿತು. ಯಂತ್ರಶಾಸ್ತ್ರವನ್ನು ಓದುವ ನಮ್ಮ ಸೀಮೆಯ ವಿದ್ಯಾರ್ಥಿಗಳಿಗೂ ಜೀವಶಾಸ್ತ್ರದಲ್ಲಿ ಕೆಲಸವಿದೆ ಎಂಬುದು ಇದರಿಂದ ವಿದಿತವಾಗುತ್ತದೆ.

೯. ಉಪಸಂಹಾರ

ಮೇಲಣ ವಿವೇಚನೆಯಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದು: ಕರುಳಿನ ಸ್ನಾಯು ಪೂರ್ಣವಾಗಿ ತಯಾರಾದ ಮೇಲೆ ದುಡಿಯತೊಡಗುವ ಯಂತ್ರವಲ್ಲ, ದುಡಿಯುತ್ತಲೇ ಅದು ತಯಾರಾಗುತ್ತದೆ. ಆದುದರಿಂದ ಅದನ್ನು ಪಾತ್ರೆಯಲ್ಲಿ ಬೆಳೆಸುವವರು ಅನ್ನಪಾನಗಳೊಡನೆ ತಕ್ಕ ಕೆಲಸವನ್ನೂ ತಕ್ಕ ಕಾಲದಲ್ಲಿ, ತಕ್ಕ ದಿಕ್ಕಿನಲ್ಲಿ ಒದಗಿಸಬೇಕು. ಎರಡನೆಯದು ನಮ್ಮ ಶಾಸ್ತ್ರಕ್ಕೆ ಸಂಬಂಧಿಸಿದ್ದು. ೧೮೭೪ರ ಹಿಸ್, ೧೮೯೯ರ ಬೇಲಿಸ್ ಮತ್ತು ಸ್ಟಾರ್ಲಿಂಗ್, ೧೯೬೮ರ ಡಡ್ರಿಕ್ ಇವರು ಬೇರೆ ಬೇರೆ ಶಾಸ್ತ್ರಗಳಲ್ಲಿ, ಬೇರೆ ಬೇರೆ ಉದ್ದೇಶಗಳಿಂದ ದುಡಿದವರು. ಅವರ ಕೆಲಸಗಳು ಒಂದೇ ಪ್ರವಾಹವಾಗಿ ಕೂಡಿಬರಲು ಒಂದು ಶತಮಾನಕ್ಕಿಂತಲೂ ಹೆಚ್ಚು ಕಾಲ ಬೇಕಾಯಿತು. ಹಂಗಿಸಲ್ಪಟ್ಟ ವಿಚಾರವೆಲ್ಲ ಸತ್ಯವೆಂದು ಇದರಿಂದ ತಿಳಿಯಬೇಕಾಗಿಲ್ಲ. ಆದರೆ ಒಂದು ವಿಚಾರವನ್ನು ಪರೀಕ್ಷಿಸದೆ ಬದಿಗಿರಿಸಿದರೆ ಅದರ ಬೆಲೆಯನ್ನು ಮುಂದಿನ ತಲೆಮಾರು ತೆರಬೇಕಾಗಬಹುದು ಎಂಬುದನ್ನು ಮಾತ್ರ ಈ ಚರಿತ್ರೆ ತೋರಿಸುತ್ತದೆ. ಆ ತಲೆಮಾರಿನಲ್ಲಿ ಉಂಡ ಅನ್ನ ಮೈಗೆ ಹತ್ತದ ಶಿಶುಗಳೂ ಇರುತ್ತಾರೆ ಎಂಬುದನ್ನು ನೆನೆದರೆ, ವಿಚಾರಗಳ ಚರಿತ್ರೆಯನ್ನು ಓದುವುದು ಬರಿಯ ಕುತೂಹಲದ ವಿಷಯವಾಗಿ ಉಳಿಯುವುದಿಲ್ಲ.